ನಿಲ್ಲಿಸಿದ ಶಸ್ತ್ರಚಿಕಿತ್ಸೆಗಳನ್ನೂ ಬರೆದಿಡಿ

ವಿಜಯಪುರ, ೨೧೭೩ನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ನೂರೈವತ್ತು ವರ್ಷ ಹಿಂದಿನ ಶಸ್ತ್ರವೈದ್ಯರಿಗೆ,

ನಿಮ್ಮ ಪಂಚಾಂಗದಲ್ಲಿಲ್ಲದ ತಿಂಗಳಿನಿಂದ ಬರೆಯುತ್ತಿದ್ದೇನೆ. ಕೆಲವು ಪದಗಳು ವಿಚಿತ್ರವೆನಿಸಿದರೆ ಮನ್ನಿಸಿ. ನನ್ನ ಹೆಸರು ಮುಕ್ತಾ ಸಜ್ಜನ. ಇಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಶಸ್ತ್ರಚಿಕಿತ್ಸೆ ಕಲಿಸುತ್ತೇನೆ. ಸಕ್ಕರೆ ಕಾಯಿಲೆ ಹತೋಟಿಗೆ ತರಲು ಜಠರವನ್ನು ಕಿರಿದು ಮಾಡುವ ಚಿಕಿತ್ಸೆ ನನ್ನ ಸಂಶೋಧನೆಯ ವಿಷಯ.

ನಮ್ಮ ವಿದ್ಯಾರ್ಥಿಗಳು ಮೊದಲು ನೆರಳೊಡಲಿನ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ. ರೋಗಿಯ ಒಳಚಿತ್ರಗಳಿಗೆ ನಿಮ್ಮ ಕಾಲದಿಂದ ಉಳಿದುಬಂದ ದಾಖಲೆಗಳನ್ನು ಕೂಡಿಸಿ ಕಟ್ಟಿದ ಪ್ರತಿರೂಪ ಅದು. ಮುಟ್ಟಿದರೆ ಮಿಡಿಯುತ್ತದೆ, ಕೊಯ್ದರೆ ರಕ್ತ ಒಸರುತ್ತದೆ. ಅದರ ಮೇಲೆ ಕಲಿತವರಿಗೆ ನಿಜವಾದ ರೋಗಿಯ ಮುಂದೆ ಗುರುವಿನ ಕೈ ಬೇಕೇ ಬೇಡವೇ ಎಂದು ತಿಳಿಯಲು ನಲವತ್ತು ಚಿಕಿತ್ಸೆಗಳ ಅಧ್ಯಯನ ಹೂಡಿದ್ದೆ. ಮೂವತ್ತೆಂಟು ಸಲೀಸಾಗಿ ಮುಗಿದಿದ್ದವು.

ಮೂವತ್ತೊಂಬತ್ತನೆಯವರು ಶಾಲೆಯೊಂದರ ಅಡುಗೆಯವರಾದ ಸಿದ್ಧಮಲ್ಲಪ್ಪ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆಯಿಂದ ಅವರ ಪಾದಗಳಿಗೆ ನೆಲವೇ ತಿಳಿಯುತ್ತಿರಲಿಲ್ಲ. ಚಿಕಿತ್ಸೆ ಮಾಡಬೇಕಾದವಳು ನನ್ನ ವಿದ್ಯಾರ್ಥಿನಿ ಫರ್ಹಾನಾ ಇನಾಮದಾರ. ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸುತ್ತಲೇ ಆಕೆ ಕೈ ತಡೆದಳು. ಯಕೃತ್ತು ಗಂಟುಗಂಟಾಗಿತ್ತು, ಜಠರದ ಅಂಚಿನುದ್ದಕ್ಕೂ ರಕ್ತನಾಳಗಳು ಉಬ್ಬಿ ನಿಂತಿದ್ದವು. ಹಿಂದಿನ ದಿನ ನೆರಳೊಡಲಿನಲ್ಲಿ ಇದೇ ಯಕೃತ್ತು ನುಣುಪಾಗಿತ್ತು.

ಅಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ನನ್ನ ಕಣ್ಣ ಮುಂದೆ ಇದ್ದದ್ದು ನಲವತ್ತರ ಲೆಕ್ಕ. ಮುಂದುವರಿಸು ಎಂದೆ.

"ಇಲ್ರಿ ಮೇಡಂ. ಇಲ್ಲಿ ಕತ್ತರಿಸಿದ್ರ ರಕ್ತ ನಿಲ್ಲಂಗಿಲ್ಲ. ನಾ ನಿಲ್ಲಸ್ತೀನಿ," ಎಂದಳು ಫರ್ಹಾನಾ.

ಸಿಟ್ಟಿನಿಂದ ಉಪಕರಣ ಕಸಿದುಕೊಳ್ಳಲು ಕೈ ಚಾಚಿದೆ. ಆಕೆ ಕೊಡಲಿಲ್ಲ. ಪರದೆಯನ್ನು ಇನ್ನೊಮ್ಮೆ ನೋಡಿದೆ. ನೀಲಿ ನಾಳಗಳು ಪ್ರತಿ ಉಸಿರಿಗೂ ಅಲುಗುತ್ತಿದ್ದವು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಆಕೆ ಯಕೃತ್ತಿನ ಚೂರೊಂದನ್ನು ಪರೀಕ್ಷೆಗೆ ತೆಗೆದು, ಗಾಯಗಳನ್ನು ಹೊಲಿದಳು.

ಎಚ್ಚರವಾದ ಮೇಲೆ ಚಿಕಿತ್ಸೆ ನಿಲ್ಲಿಸಿದ್ದನ್ನು ಸಿದ್ಧಮಲ್ಲಪ್ಪನವರಿಗೆ ತಿಳಿಸಿದೆ. ಅವರು, "ಅಂದ್ರ ಹೊಟ್ಟಿ ಕೊಯ್ದು ಹಂಗೇ ಹೊಲದ್ರೇನ್ರಿ?" ಎಂದು ಕೇಳಿದರು.

"ಹೌದ್ರಿ. ನಾ ಮುಂದುವರಿಸು ಅಂದಿದ್ದೆ. ಆಕಿ ನನ್ನ ಮಾತು ಕೇಳಲಿಲ್ಲ, ಅದಕ್ಕ ನೀವು ಉಳದೀರಿ."

ಅವರು ಫರ್ಹಾನಾಳನ್ನು ಕರೆಸಿ ಎಂದರು. ಈಗ ಯಕೃತ್ತಿಗೆ ಔಷಧಿ ನಡೆದಿದೆ. ಹೊಸ ಮಾತ್ರೆ, ಪಥ್ಯಗಳಿಂದ ಸಕ್ಕರೆ ಅರ್ಧಕ್ಕರ್ಧ ಇಳಿದಿದೆ, ಪಾದಗಳು ಮಾತ್ರ ಹಾಗೆಯೇ ಇವೆ.

ಅಧ್ಯಯನವನ್ನು ಅಲ್ಲಿಗೇ ನಿಲ್ಲಿಸಿ, ನೆರಳೊಡಲು ಸುಳ್ಳು ಹೇಳಿದ್ದೇಕೆಂದು ಹುಡುಕಿದೆ. ಅದನ್ನು ಕಟ್ಟಿದ ಸಾವಿರಾರು ದಾಖಲೆಗಳಲ್ಲಿ, ಹೊಟ್ಟೆ ತೆರೆದು ನೋಡಿ ಹಾಗೆಯೇ ಮುಚ್ಚಿದ ಒಂದು ಪ್ರಕರಣವೂ ಇರಲಿಲ್ಲ. ಹಾಗಾಗಿ ಒಳಚಿತ್ರದಲ್ಲಿ ಮಸುಕಾಗಿದ್ದ ಜಾಗವನ್ನೆಲ್ಲ ಅದು ನುಣುಪು ಯಕೃತ್ತಿನಿಂದಲೇ ತುಂಬಿತ್ತು. ನೀವೂ ಎಷ್ಟೋ ಸಲ ನಿಲ್ಲಿಸಿರಬೇಕು. ಮುಗಿಯದ ಕೆಲಸವೆಂದು ನಾಚಿ ಅದನ್ನು ಪ್ರಬಂಧದಿಂದ ಹೊರಗಿಟ್ಟಿರಬೇಕು. ಆ ನಾಚಿಕೆ ನನಗೂ ಗೊತ್ತು. ಈ ಪತ್ರವನ್ನೇ ಮೂರು ಸಲ ಹರಿದಿದ್ದೇನೆ.

ದಯವಿಟ್ಟು ಬರೆದಿಡಿ. ಎಲ್ಲಿ ನಿಂತಿರಿ, ಏನು ಕಂಡಿತು, ಯಾರು ಬೇಡವೆಂದರು. ನೀವು ಬರೆಯದೆ ಬಿಟ್ಟದ್ದನ್ನು ನಾವು ಇಲ್ಲಿ ರೋಗಿಗಳ ಮೈಮೇಲೆ ಕಲಿಯುತ್ತಿದ್ದೇವೆ.