ಕಿಟಕಿಯಲ್ಲಿ ಲೀಸ್ಬೆತ್

ಗುರುವಾರ, ನವೆಂಬರ್ ೧೪. ಖ್ರೋನಿಂಗೆನ್.

ಸ್ಟುಡಿಯೋ ಕಿಟಕಿಯಿಂದ ಆ ಫೋಟೋ ಇಳಿಸಲಿಲ್ಲ. ಇಳಿಸುವುದೂ ಇಲ್ಲ.

ಬೆಳಿಗ್ಗೆ ಮರಿಟ್ ಬಂದಿದ್ದಳು. ಹೋದ ತಿಂಗಳು ಅವಳ ಮಗು ಉಸಿರಿಲ್ಲದೆ ಹುಟ್ಟಿದಾಗ ಆಸ್ಪತ್ರೆಗೆ ಹೋಗಿ ಚಿತ್ರ ತೆಗೆದುಕೊಟ್ಟವಳು ನಾನು. ಮುಖ ಬಾಡದಿರಲೆಂದು ತಣ್ಣೀರಿನ ಬೋಗುಣಿಯಲ್ಲಿ ಮಲಗಿಸಿದ್ದರು. ಮುದುಡಿದ್ದ ಬೆರಳುಗಳು ನೀರಿನಲ್ಲಿ ತಾವಾಗಿಯೇ ಬಿಚ್ಚಿಕೊಂಡಿದ್ದವು.

"ನಿಮ್ಮ ಕಿಟಕೀಲಿ ಊರ ಮಕ್ಕಳೆಲ್ಲ ಇದಾವೆ. ನನ್ನ ಲೀಸ್ಬೆತ್ತೂ ಇರ್ಲಿ ಅಲ್ವಾ?" ಅಂದಳು. ಮಗು ಹುಟ್ಟಿದ ಮನೆಯವರು ಹಂಚುವ, ಗುಲಾಬಿ ಸೋಂಪು ಮಿಠಾಯಿ ಉದುರಿಸಿದ ರಸ್ಕನ್ನೂ ತಂದಿದ್ದಳು.

ಮಧ್ಯಾಹ್ನ ಪಕ್ಕದ ಹೂವಿನಂಗಡಿಯ ಬೌವಿನಾ ನುಗ್ಗಿದಳು.

"ಹಿಲ್ಕೆ, ನಿಂಗೇನು ತಲೆ ಕೆಟ್ಟಿದ್ಯಾ? ಬಸುರೀರು ಓಡಾಡೋ ಬೀದಿ ಇದು. ಸತ್ತ ಮಗೂನ ಇಳಿಸೇ!"

"ಮೊದ್ಲು ರಸ್ಕ್ ತಿನ್ನು. ಹೆಣ್ಣು ಮಗು."

"ಇಂಥದ್ದಕ್ಕೂ ರಸ್ಕ್ ಹಂಚ್ತಾರಾ?"

"ಅವಳೂ ಹುಟ್ಟಿದ್ಲು ಕಣೇ."

ತಿನ್ನದೆ ಹೋದಳು. ಅವಳ ಪಾಲನ್ನೂ ನಾನೇ ತಿಂದೆ. ಬಾಗಿಲಲ್ಲಿ ನಿಂತು, ಅವಳಿಗೆ ಕೇಳುವಂತೆ ಕರಕರ ಅಗಿಯುತ್ತ.

ನನ್ನ ಯೆಲ್ಮರ್ ಹೀಗೆಯೇ ಹುಟ್ಟಿದಾಗ ನರ್ಸ್ ಬಟ್ಟೆ ಮುಚ್ಚಿ ಒಯ್ದುಬಿಟ್ಟರು. ನೋಡಬೇಡ, ಮರೆತುಬಿಡು ಅಂದರು. ಮರೆಯುವುದಕ್ಕಾದರೂ ಒಂದು ಮುಖ ಬೇಡವೇ? ಅವನ ಮೂಗು ಅಪ್ಪನದೋ ನನ್ನದೋ, ಇವತ್ತಿಗೂ ಗೊತ್ತಿಲ್ಲ.

ಲೀಸ್ಬೆತ್‌ಳದು ಮರಿಟ್‌ಳ ಮೂಗೇ. ಬೀದಿಯವರೆಲ್ಲ ನೋಡಲಿ. ಬೌವಿನಾ ನಾಳೆಯೂ ಬರುತ್ತಾಳೆ. ಬರಲಿ. ಮೂಲೆಯಲ್ಲಿದ್ದ ಫೋಟೋವನ್ನು ಕಿಟಕಿಯ ನಟ್ಟನಡುವೆ ಇಟ್ಟೇ ಮಹಡಿ ಹತ್ತಿದೆ. ಕೆಳಗಿನ ದೀಪವನ್ನು ಆರಿಸಿಲ್ಲ. ಇವತ್ತು ಆರಿಸುವುದೂ ಇಲ್ಲ.