ಚೈತನ್ಯಾ ಬಿಟ್ಟ ಒಂದು ಚೌಕ

9 ನವೆಂಬರ್ 2025, ಆದಿತ್ಯವಾರ, ಡೊಂಬಿವಲಿ

ಸಿನಿಮಾ ನೋಡಿ ಬಂದು ಐದು ತಾಸಾಯಿತು, ಇನ್ನೂ ನಿದ್ದೆ ಬಂದಿಲ್ಲ.

ಮಗಳು ಚೈತನ್ಯಾಳ ಜೊತೆ ಹೋಗಿದ್ದೆ. ಕಳೆದ ವಾರ ನೋಡಿದ ಯುದ್ಧದ ಸಿನಿಮಾ ಬರೀ ಕೂಗಾಟ. ಮೂರು ಗುಂಡು ತಾಗಿದವನೂ ಎದ್ದು ನಿಂತು ಭಾಷಣ ಬಿಗಿಯುತ್ತಾನೆ. ಇಬ್ಬರೂ ನಕ್ಕಿದ್ದೆವು. ಇವತ್ತಿನದು ಮುಂದಿನ ಕಾಲದ ಕಥೆ. ಡ್ರೋನ್ ತಾನೇ ಮನುಷ್ಯರನ್ನು ಗುರುತಿಸಿ ಕೊಲ್ಲುತ್ತದೆ. ಚೆನ್ನಾಗಿ ತೆಗೆದಿದ್ದಾರೆ, ಆದರೆ ನಂಬುವ ಹಾಗಿಲ್ಲ ಎಂದೆ.

"ಪಪ್ಪಾ, ನಾನು ಆಫೀಸಲ್ಲಿ ಮಾಡುದು ಅದೇ."

ಮಹಾಪೆಯ ಆಫೀಸಿನಲ್ಲಿ ಅವಳದು ಕಂಪ್ಯೂಟರ್ ಕೆಲಸ ಎಂದಷ್ಟೇ ನನಗೆ ಗೊತ್ತಿತ್ತು. ಆಕಾಶದಿಂದ ತೆಗೆದ ಚಿತ್ರಗಳು ಬರುತ್ತವಂತೆ. ಮನುಷ್ಯರು ಕಂಡಲ್ಲೆಲ್ಲ ಸುತ್ತ ಚೌಕ ಎಳೆಯಬೇಕಂತೆ. ಅದನ್ನು ನೋಡಿ ಯಂತ್ರ ಕಲಿಯುತ್ತದಂತೆ.

"ಯಾರಿಗೆ ಮಗಾ ಅದು?"

"ಮಾಲೂಮ್ ನಹೀ, ಗೊತ್ತಿಲ್ಲ. ಕ್ಲೈಂಟ್ ಹೆಸರು ಹೇಳುದಿಲ್ಲ."

"ಟ್ರಾಫಿಕ್ ಲೆಕ್ಕಕ್ಕೆ ಇರ್ಬಹುದು ಮಾರಾಯ್ತಿ."

"ರಸ್ತೆಯೇ ಇಲ್ಲ ಪಪ್ಪಾ. ಬಿದ್ದ ಮನೆಗಳು, ಇತ್ನಾ ಹೀ, ಅಷ್ಟೇ."

ಆಮೇಲೆ ಮೆಲ್ಲಗೆ ಹೇಳಿದಳು: "ಒಂದ್ರಲ್ಲಿ ಸಣ್ಣ ಮಗು ಇತ್ತು. ಅದಕ್ಕೆ ಚೌಕ ಹಾಕದೆ ಬಿಟ್ಟೆ. ಸಂಜೆ ಸರ್ ಆ ಚಿತ್ರ ವಾಪಸ್ ಕಳಿಸಿದ್ರು, ಒಂದು ಮಿಸ್ ಆಗಿದೆ ಅಂತ."

"ಮತ್ತೆ?"

"ಹಾಕಿದೆ."

ಥಿಯೇಟರಿನ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟೆ. ನಾಳೆಯಿಂದ ಹೋಗಬೇಡ ಎಂದೆ. ಅವಳು ಆಗಲಿ ಎಂದು ತಲೆಯಾಡಿಸಿದಳು, ಅಳಲಿಲ್ಲ. ಈಗ ಪಕ್ಕದ ಅವಳ ಕೋಣೆಯಲ್ಲಿ ದೀಪ ಇನ್ನೂ ಉರಿಯುತ್ತಿದೆ. ಅವಳು ಬಿಟ್ಟರೂ ಕಲಿತ ಯಂತ್ರ ಮರೆಯುತ್ತದೆಯೇ? ಆ ಮಗು ಈಗ ಎಲ್ಲಿರಬಹುದು?