ಮೂಗಿನ ಊರಿಗೆ ಹೊರಟವರು

ಜುಲೈ 9, ಬುಧವಾರ. ಮಧ್ಯಾಹ್ನ

ಇವತ್ತೂ ಏನೂ ಇಲ್ಲ. ಬೆಳ್ಳುಳ್ಳಿ ಒಗ್ಗರಣೆಯ ಮೇಲೆ ಮುಖ ಹಿಡಿದೆ. ಇಂಗಿನ ಡಬ್ಬಿಯೊಳಗೆ ಮೂಗು ತೂರಿಸಿದೆ. ಸೀನು ಬಂತು, ವಾಸನೆ ಬರಲಿಲ್ಲ.

ಹಿಪ್ಪರಗಿ ರಸ್ತೆಯ ಸ್ಪೀಡ್ ಹಂಪಿನಲ್ಲಿ ನಮ್ಮ ಮನೆಯವರ ಬೈಕಿನಿಂದ ಹಾರಿಬಿದ್ದ ದಿನದಿಂದ ಹೀಗೇ. ತಲೆ ಗಟ್ಟಿ, ಒಡೆಯಲಿಲ್ಲ. ಮೂಗಿನ ನರಕ್ಕೆ ಪೆಟ್ಟಾಗಿದೆಯಂತೆ. ವಾಸನೆ ಬಂದರೂ ಬರಬಹುದು ಎಂದರು ಡಾಕ್ಟರು. ತೇರದಾಳದ ಬಸ್ಸಿನ ಬಗ್ಗೆ ಹೇಳಿದ ಹಾಗೆ.

ಖಾನಾವಳಿಯವಳಿಗೆ ಮೂಗೇ ಬಂಡವಾಳ. ಅದರಲ್ಲೂ ನಮ್ಮಲ್ಲಿ ದೇವರಿಗೆ ಎಡೆ ಹಿಡಿಯುವ ತನಕ ಅಡಿಗೆ ಯಾರ ನಾಲಿಗೆಗೂ ತಾಗುವಂತಿಲ್ಲ. ಅತ್ತೆ ಶಿವವ್ವನವರ ಕಾನೂನು. ಉಪ್ಪು, ಖಾರ, ಹುಳಿ—ಎಲ್ಲ ಹಬೆ ಮೂಸಿಯೇ ಹೇಳಬೇಕು. ಹೇಳುತ್ತಿದ್ದೆ ಕೂಡ. ಬನಹಟ್ಟಿಯ ನೇಕಾರರು ಮಗ್ಗ ನಿಲ್ಲಿಸಿ ಬಂದು ನನ್ನ ಕಟ್ಟಿನ ಸಾರು ಕುಡಿಯುತ್ತಿದ್ದದ್ದು ಸುಮ್ಮನೆಯೇ?

ಜುಲೈ 11, ಶುಕ್ರವಾರ

ಮೈದುನನ ಮಗಳು ಪ್ರೀತಿ ಬಂದಿದ್ದಳು. ಜಮಖಂಡಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಸಮಾಧಾನ ಹೇಳಲು ಬಂದು ಸಿಟ್ಟು ಏರಿಸಿ ಹೋದಳು.

ಬೆಳೆದ ಮಿದುಳಿನಲ್ಲೂ ಹೊಸ ನರಕೋಶ ಹುಟ್ಟುತ್ತವಂತೆ. ಹುಟ್ಟುವುದು ಮಿದುಳಿನ ಒಳಕೋಣೆಯ ಗೋಡೆಯಲ್ಲಿ. ನೌಕರಿ ದೂರ ಮುಂದೆ, ಮೂಗಿನ ಮೇಲೆ ಮಿದುಳಿನಲ್ಲಿರುವ, ವಾಸನೆ ಗುರುತಿಸುವ ಗಡ್ಡೆಯಲ್ಲಿ. ಅಲ್ಲಿಯ ತನಕ ತೆವಳಿಕೊಂಡೇ ಬರಬೇಕು. ಮೊದಲು ಒಂದು ಕಾಲು ಚಾಚುವುದು, ಆಮೇಲೆ ಮೈ ಎಳೆದುಕೊಳ್ಳುವುದು. ಒಂದರ ಮೈ ಹಿಡಿದು ಇನ್ನೊಂದು, ಸಾಲಾಗಿ. ತಲುಪಿದ ಮೇಲೆ ಸಾಲು ಬಿಟ್ಟು, ಹಳಬರ ಜೊತೆ ಕೈಕೂಡಿಸಿ ಕೆಲಸಕ್ಕೆ ಕೂರುವುದು.

ಹಿಗ್ಗಿಹೋದೆ. ನನ್ನವು ಎಲ್ಲಿಗೆ ಬಂದಿವೆ ಎಂದು ಕೇಳಿದೆ.

‘ಇದು ಇಲಿಯೊಳಗ ಖರೆ, ದೊಡ್ಡವ್ವ. ಮನಷ್ಯಾರೊಳಗ, ಅದೂ ನಿಮ್ಮ ವಯಸ್ಸಿನ್ಯಾಗ, ಆಗತೈತೋ ಇಲ್ಲೋ ಅಂತ ವಿಜ್ಞಾನಿಗಳು ಇನ್ನೂ ಜಗಳಾಡಾಕತ್ತಾರ.’

ಇಲಿಗೆ. ನನ್ನ ಜೋಳದ ಚೀಲ ಕೊರೆದು, ನನ್ನ ಶೇಂಗಾ ತಿಂದು, ನನ್ನ ಅಟ್ಟದ ಮೇಲೆ ಬಾಣಂತನ ಮಾಡಿಸಿಕೊಂಡ ಇಲಿಗೆ ಹೊಸ ಮೂಗು. ನನಗೆ ಜಗಳ.

ಮೂಗಿನೊಳಗಿನ ನರದ ಲೆಕ್ಕ ಬೇರೆ, ಅದು ಮತ್ತೆ ಚಿಗುರಬಹುದು ಅಂತಲೂ ಏನೋ ಹೇಳಿದಳು. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬೋನು ಹುಡುಕುತ್ತಿದ್ದೆ.

ಜುಲೈ 20, ರವಿವಾರ

ಬರೆದರೆ ಬೈಗುಳವೇ ಬರುತ್ತಿತ್ತು. ಅದಕ್ಕೇ ಬರೆಯಲಿಲ್ಲ.

ಬೋನಿಗೆ ಶೇಂಗಾ ಚಟ್ನಿ ಇಟ್ಟಿದ್ದೆ. ಇಲಿ ಬಂತು. ಮೂಸಿತು. ಮುಖ ತಿರುಗಿಸಿ, ಬಾಲ ಎತ್ತಿಕೊಂಡು ಹೋಯಿತು. ಗಿರಾಕಿಗಳೆಲ್ಲ ‘ಛಲೋ ಆಗೈತ್ರಿ’ ಎಂದು ತಿಂದ ಅದೇ ಚಟ್ನಿ.

ಗಲ್ಲಾದ ಮೇಲೆ ಕೂತಿದ್ದ ನಮ್ಮ ಮನೆಯವರು ಗುರುಪಾದಪ್ಪನವರ ಮೂಗಿನ ಕೆಳಗೆ ತಟ್ಟೆ ಹಿಡಿದೆ. ಅವರು ನೆಲ ನೋಡಿದರು.

‘ಮುಗ್ಗಲ ವಾಸ್ನಿ ಐತಿ. ಹ್ವಾದ ವಾರದಿಂದನೂ ಐತಿ.’

ಹೇಳಲಿಲ್ಲವೇಕೆ? ಸಿಟ್ಟು ಮಾಡುತ್ತೇನೆ ಅಂತ. ಈಗ ಮಾಡುತ್ತಿರುವುದೇನು, ಆರತಿಯೇ?

ಉಳಿದದ್ದೂ ಹೊರಬಿತ್ತು. ನನ್ನ ಸಪ್ಪೆ ಸಾರಿಗೆ ಗಿರಾಕಿಗಳು ಮರೆಯಲ್ಲಿ ಉಪ್ಪು ಹಾಕಿಕೊಳ್ಳುತ್ತಿದ್ದಾರೆ. ಶ್ರಾವಣದ ಮೊದಲ ಸೋಮವಾರದಿಂದ ಅಡಿಗೆಗೆ ಮುಧೋಳದ ಕಾಂಚನಾ ಬರುತ್ತಾಳೆ; ಅತ್ತೆ ಮಾತು ಮುಗಿಸಿಬಿಟ್ಟಿದ್ದಾರೆ. ನಾನು ಗಲ್ಲಾದಲ್ಲಿ ಕೂತು ನಗಬೇಕು.

ಇಡೀ ಖಾನಾವಳಿಯಲ್ಲಿ ನನ್ನ ಮುಖಕ್ಕೆ ಖರೆ ಹೇಳಿದ್ದು ಆ ಇಲಿಯೊಂದೇ. ಬೋನು ತೆಗೆದಿಟ್ಟೆ.

ಜುಲೈ 27, ರವಿವಾರ. ಸಂಜೆ

ಅತ್ತೆಯವರ ಮುಂದೆ ಕೂತೆ. ಮೂಗು ಹೋಗಿದೆ, ನಾಲಿಗೆ ಹೋಗಿಲ್ಲ. ಉಪ್ಪು, ಹುಳಿ, ಕಹಿ ಗೊತ್ತಾಗುತ್ತದೆ. ಎಡೆಗೆ ಮೊದಲು ಅಂಗೈಗೆ ಒಂದೇ ಹನಿ ಹಾಕಿ ನೋಡಲು ಬಿಡಿ. ಶೇಂಗಾ ಮುಗ್ಗಿದೆಯೋ ಎಂದು ನಿಮ್ಮ ಮಗ ಮೂಸಿ ಹೇಳಲಿ. ಕೆಡವಿದವರು ಅವರೇ ತಾನೆ.

‘ಎಂಜಲ ಮಾಡಿ ದೇವ್ರಿಗೆ ಎಡಿ ಹಿಡಿಯೂದೇನ? ನಾ ಸತ್ತ ಮ್ಯಾಲ ಮಾಡ್ಕೊ.’

ಆ ಶೇಂಗಾ ಇಲಿ ಎಂಜಲು ಮಾಡಿದ್ದೇ, ದೇವರು ತಕರಾರು ಮಾಡಲಿಲ್ಲ ಎಂದೆ. ಅತ್ತೆ ಎದ್ದು ಹೋದರು.

ಮತ್ತೆ ಆ ನರಕೋಶದ ಪೋರರು. ಬೀಳಗಿಯಿಂದ ಹೊರಟು ಮುಧೋಳ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಕೂತಿದ್ದಾರೋ? ಇನ್ನೂ ಹುಟ್ಟಿಯೇ ಇಲ್ಲವೋ? ಅವರ ದಾರಿ ಕಾಯುತ್ತ ಕೂತರೆ ನನ್ನ ಒಲೆ ಇನ್ನೊಬ್ಬಳದು.

ಜುಲೈ 28, ಸೋಮವಾರ. ಬೆಳಿಗ್ಗೆ

ಕಾಂಚನಾಳ ಬಸ್ಸು ಇನ್ನೂ ಬಂದಿಲ್ಲ. ಸಾರು ಕುದಿಯುತ್ತಿದೆ. ಒಲೆಯ ಪಕ್ಕದಲ್ಲೇ ಬರೆಯುತ್ತಿದ್ದೇನೆ.

ಆಗಲೇ ಅತ್ತೆ ಬಂದು ಹೊಸ್ತಿಲ ಮೇಲೆ ಕೂತರು. ಕಾವಲಿಗೆ ಎಂದುಕೊಂಡೆ. ಸೌಟು ಹಿಡಿದು ನಿಂತೇ ಇದ್ದೆ. ಅವರು ಬೆನ್ನು ತಿರುಗಿಸಿದರು.

‘ನಾ ಬೀದಿ ನೋಡಾಕತ್ತೇನಿ. ಲಗೂ ಮುಗಸು.’

ಅಂಗೈಗೆ ಹನಿ ಹಾಕಿದೆ. ಉಪ್ಪೇ ಇಲ್ಲ. ಹಾಕಿದೆ, ಕೈ ತೊಳೆದೆ, ಮತ್ತೆ ನೋಡಿದೆ. ಹುಳಿ ತುಸು ಮುಂದಾಗಿತ್ತು, ಚೂರು ಬೆಲ್ಲ ಹಾಕಿದೆ. ಪರಿಮಳ ಹೇಗಿದೆಯೋ ಗೊತ್ತಿಲ್ಲ. ಆ ಸಿಟ್ಟು ಹಾಗೇ ಇದೆ.

ಬಂತೇನು ಹದ ಎಂದರು ಅತ್ತೆ, ತಿರುಗದೆ. ನಾಲಿಗೆಗೆ ಬಂತು, ಮೂಗಿನ ಸುದ್ದಿ ಕೇಳಬೇಡಿ ಎಂದೆ.

ಬೀದಿ ನೋಡುತ್ತಲೇ ಬೆನ್ನ ಹಿಂದೆ ಅಂಗೈ ಚಾಚಿದರು. ಅವರು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಎಡೆಗೆ ಮೊದಲು ಒಂದು ಹನಿ ಕಾಣದ ಕೈ.

‘ನನಗೂ ಒಂಚೂರ ಹಾಕಬೇ. ಖರೆ ಹೇಳ್ತೇನಿ.’

ಕೈ ಇನ್ನೂ ಚಾಚಿಯೇ ಇದೆ, ನಾನು ಇಲ್ಲಿ ಬರೆಯುತ್ತ—